ಮರಳಿನ ಮೇಲೆ ಮೂರು ಗಾಲಿ

ಪ್ರವಾಸದ ಚೀಟಿ ಮಗಳ ಚೀಲದಲ್ಲಿ ಎರಡು ದಿನ ಮಡಿಸಿಕೊಂಡೇ ಇತ್ತು. ಮೂರನೆಯ ದಿನ ಊಟದ ಡಬ್ಬಿ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ನನಗೆ ಸಿಕ್ಕಿತು. 'ಜೋಗ, ಗೇರುಸೊಪ್ಪೆ, ಹೊನ್ನಾವರ ಸಮುದ್ರ ತೀರ. ಪೋಷಕರ ಒಪ್ಪಿಗೆ ಸಹಿ.' ನಾನು ಓದುತ್ತಿರುವುದನ್ನು ಕಂಡ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ, "ನಂದಕ್ಕೆ ಸಹಿ ಬೇಡ್ವಂತೆ ಅಮ್ಮ" ಎಂದಳು.

ಇದು 2022ರ ನವೆಂಬರಿನ ಮಾತು. ಆಗ ಅವಳು ಆರನೆಯ ತರಗತಿಯಲ್ಲಿದ್ದಳು. ಅವಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು, ಮಾತು ಸ್ವಲ್ಪ ನಿಧಾನ, ಬಲಗೈ ಚೆನ್ನಾಗಿದೆ, ಎಡಗೈ ಅರ್ಧ ಮಾತು ಕೇಳುತ್ತದೆ, ಕಾಲುಗಳು ಕೇಳುವುದಿಲ್ಲ. ನಾವಿರುವುದು ಸಾಗರದ ಕಡೆಯ ಒಂದು ಸಣ್ಣ ಊರಿನಲ್ಲಿ. ನಮ್ಮವರು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು.

ಮರುದಿನ ನಾನೇ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಕೂರಿಸಿ, ಕಾಫಿ ತರಿಸಿ, "ಮರಳಲ್ಲಿ ಅವಳ ಗಾಲಿಕುರ್ಚಿ ಓಡೋದಿಲ್ಲ ಅಮ್ಮಾ. ಏನಾದ್ರೂ ಹೆಚ್ಚು ಕಡಿಮೆಯಾದ್ರೆ ನಾವು ಏನು ಉತ್ತರ ಹೇಳೋದು?" ಎಂದರು. ನಾನು ಸ್ವಲ್ಪ ವಾದ ಮಾಡಿದೆ. ಆದರೆ ನಿಜ ಹೇಳಿಬಿಡುತ್ತೇನೆ. ಅವರು ಬೇಡ ಎಂದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಬೇಡ ಎಂದವರು ಅವರು, ನಾನಲ್ಲವಲ್ಲ! ಇಡೀ ದಿನ ನನ್ನ ಕಣ್ಣಿಗೆ ಬೀಳದೆ ಮಗಳು ಇರುತ್ತಾಳೆಂಬ ಭಯ ನನಗೂ ಇತ್ತು.

ಆ ಭಯಕ್ಕೆ ಕಾರಣವಿತ್ತು. ಅದರ ಹಿಂದಿನ ಬೇಸಿಗೆಯಲ್ಲಿ ನನ್ನ ತವರಿನಲ್ಲಿ ಅವಳು ಕುರ್ಚಿಯಿಂದ ಮುಂದಕ್ಕೆ ಬಿದ್ದಿದ್ದಳು. ಅಂಗಳ ದಾಟಿ ತೋಟದ ದಾರಿಗೆ ಇಳಿಯುವಲ್ಲಿ ಜಂಬಿಟ್ಟಿಗೆ ಕಲ್ಲಿನ ಚೂರುಗಳು ಹರಡಿದ್ದವು. ನಾನು ಹಿಂದಿನಿಂದ ತಳ್ಳುತ್ತಿದ್ದೆ. ಮುಂದಿನ ಪುಟ್ಟ ಗಾಲಿ ಒಂದು ಕಲ್ಲಿಗೆ ತಗುಲಿ ಗಕ್ಕನೆ ನಿಂತಿತು. ಕುರ್ಚಿ ನಿಂತಿತು, ಮಗು ನಿಲ್ಲಲಿಲ್ಲ. ಗಲ್ಲಕ್ಕೆ ಮೂರು ಹೊಲಿಗೆ. ತಳ್ಳಿದ ಕೈ ನನ್ನದೇ ಆದ್ದರಿಂದ ಆ ಹೊಲಿಗೆಯ ಗುರುತು ಕಂಡಾಗಲೆಲ್ಲ ನನ್ನ ಕೈ ನಡುಗುತ್ತಿತ್ತು. ಆಮೇಲೆ ಕುರ್ಚಿಯನ್ನು ಸಿಮೆಂಟಿನ ನೆಲ ಬಿಟ್ಟು ಕೆಳಗೆ ಇಳಿಸಿದ್ದೇ ಇಲ್ಲ.

ಕ್ಯಾಲೆಂಡರಿನ ಹಿಂಬದಿಯ ಲೆಕ್ಕ

ಪ್ರವಾಸದ ದಿನ ಮಗಳು ಮನೆಯಲ್ಲಿಯೇ ಉಳಿದಳು. ಅಳಲಿಲ್ಲ. ಸಮಾಜ ವಿಜ್ಞಾನದ ಪುಸ್ತಕ ತೆರೆದು ಭೂಪಟದಲ್ಲಿ ಶರಾವತಿಯ ಮೇಲೆ ಬೆರಳಿಟ್ಟು ಅಂಬುತೀರ್ಥದಿಂದ ಹೊನ್ನಾವರದವರೆಗೆ ಎಳೆದಳು. "ನಮ್ಮ ಹೊಳೆ ಸಮುದ್ರ ಸೇರೋ ಜಾಗ ಹೇಗಿರುತ್ತೆ ಅಪ್ಪ? ಗೆರೆ ಹಾಕಿದ ಹಾಗೆ ಗೊತ್ತಾಗುತ್ತಾ?" ಎಂದು ಕೇಳಿದಳು. ನಮ್ಮವರು ಉತ್ತರ ಕೊಡಲಿಲ್ಲ. ರಾತ್ರಿ ಊಟವಾದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದುಕೊಂಡು ಅದರ ಹಿಂದೆ ಒಂದು ವೃತ್ತ, ಅದರ ಮುಂದೊಂದು ಕಲ್ಲು ಬರೆದು ಕೂತರು.

ಪ್ರೌಢಶಾಲೆಯ ಮಕ್ಕಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಸನ್ನೆಯ ನಿಯಮ, ಪೈಥಾಗೊರಸನ ಪ್ರಮೇಯ ಇಷ್ಟಿದ್ದರೆ ಸಾಕು. 5 ಸೆಂಟಿಮೀಟರ್ ಎತ್ತರದ ಕಲ್ಲಿಗೆ ತಗುಲಿ ನಿಂತಿರುವ ಗಾಲಿಯನ್ನು ಅದರ ಮೇಲೆ ಹತ್ತಿಸಬೇಕು. ಮಾಮೂಲಿ ಗಾಲಿಕುರ್ಚಿಯ ಮುಂದಿನ ಗಾಲಿಯ ವ್ಯಾಸ ಸುಮಾರು 20 ಸೆಂಟಿಮೀಟರ್. ಅದನ್ನು ಹತ್ತಿಸಲು ಆ ಗಾಲಿಯ ಮೇಲಿರುವ ಭಾರದ 1.7 ಪಟ್ಟು ಬಲ ಬೇಕು. ವ್ಯಾಸ 30 ಸೆಂಟಿಮೀಟರ್ ಆದರೆ 1.1 ಪಟ್ಟು ಸಾಕು. 60 ಸೆಂಟಿಮೀಟರಿನ ಹಿಂದಿನ ಗಾಲಿಗಾದರೆ ಭಾರದ ಮೂರರಲ್ಲಿ ಎರಡು ಪಾಲು. ಕಲ್ಲು ಅದೇ, ಭಾರ ಅದೇ. ಗಾಲಿ ದೊಡ್ಡದಾದರೆ ಕಲ್ಲು ಚಿಕ್ಕದಾಗುತ್ತದೆ.

"ನೋಡು, ಬೀಳಿಸಿದ್ದು ನೀನಲ್ಲ. ಈ ಗಾಲಿ" ಎಂದು ನಮ್ಮವರು ಹಾಳೆಯನ್ನು ನನ್ನ ಮುಂದಿಟ್ಟರು. ಒಂದು ವರ್ಷದಿಂದ ನಾನು ಯಾರಿಗೂ ಹೇಳದೆ ಹೊತ್ತುಕೊಂಡಿದ್ದದ್ದು ಅವರಿಗೆ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗ.

ಮರಳಿನ ಕತೆಯೂ ಹೀಗೆಯೇ. ಸಣ್ಣ, ಗಟ್ಟಿ ಗಾಲಿ ನೆಲವನ್ನು ಮುಟ್ಟುವ ಜಾಗ ಹೆಬ್ಬೆರಳಿನಷ್ಟು. ಅಷ್ಟು ಜಾಗದ ಮೇಲೆ ಭಾರವೆಲ್ಲ ಬಿದ್ದರೆ ಮರಳಿನಲ್ಲಿ ಹೂತುಹೋಗದೆ ಇನ್ನೇನಾದೀತು? ಒಂಟೆಯ ಪಾದ ಅಗಲವಾಗಿರುವುದೂ, ಮರಳಿಗೆ ಇಳಿಸುವ ಜೀಪಿನ ಟಯರಿನ ಗಾಳಿ ಸ್ವಲ್ಪ ಇಳಿಸುವುದೂ ಇದೇ ಕಾರಣಕ್ಕೆ.

ಬೇರೆಯವರು ಏನು ಮಾಡಿದ್ದಾರೆ?

ಮಡಚುವ ಗಾಲಿಕುರ್ಚಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನ್ನಿಂಗ್ಸ್, 1930ರ ದಶಕದಲ್ಲಿ. ಗಣಿ ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡಿದ್ದ ಎವರೆಸ್ಟ್‌ಗೆ ಕಾರಿನಲ್ಲಿ ಹಾಕಿಕೊಂಡು ಹೋಗುವ ಕುರ್ಚಿ ಬೇಕಿತ್ತು; ಎಂಜಿನಿಯರ್ ಗೆಳೆಯ ಮಾಡಿಕೊಟ್ಟರು. ನಮ್ಮ ಆಸ್ಪತ್ರೆಗಳಲ್ಲಿ ಕಾಣುವ ಕುರ್ಚಿ ಆ ವಂಶದ್ದೇ. ಅದು ನಯವಾದ ನೆಲಕ್ಕೆ ಹುಟ್ಟಿದ ಕುರ್ಚಿ. ಮಲೆನಾಡಿನ ಅಂಗಳಕ್ಕೆ ತಂದು, ಅದು ಓಡುವುದಿಲ್ಲವೆಂದು ನಾವು ಮಗುವನ್ನೇ ಒಳಗೆ ಕೂರಿಸುತ್ತೇವೆ.

ಹೊರಗಿನ ನೆಲಕ್ಕೆಂದೇ ಯೋಚಿಸಿದವರೂ ಇದ್ದಾರೆ. ಅಮೆರಿಕದ ರಾಲ್ಫ್ ಹಾಚ್‌ಕಿಸ್ 1966ರಲ್ಲಿ ಮೋಟಾರ್ ಸೈಕಲ್ ಅಪಘಾತಕ್ಕೆ ಸಿಕ್ಕಿ ಗಾಲಿಕುರ್ಚಿ ಹಿಡಿದವರು. ನಿಕರಾಗುವ ಮುಂತಾದ ಬಡ ದೇಶಗಳ ಅಂಗವಿಕಲರ ಜೊತೆ ಕೂತು, ಅಲ್ಲಿನ ಸಣ್ಣ ಕಾರ್ಖಾನೆಗಳಲ್ಲೇ ಮಾಡಬಹುದಾದ ಕುರ್ಚಿಯನ್ನು ರೂಪಿಸಿದರು. ಅವರ 'ರಫ್‌ರೈಡರ್' ಕುರ್ಚಿಯ ಮುಂದಿನ ಗಾಲಿಗಳು ಅಗಲ, ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚು. ಆದ್ದರಿಂದ ಮುಂದಕ್ಕೆ ಮಗುಚುವುದು ಕಡಿಮೆ. ಬ್ರಿಟನ್ನಿನಲ್ಲಿ 1991ರಲ್ಲಿ ಆರಂಭವಾದ 'ಮೋಟಿವೇಷನ್' ಸಂಸ್ಥೆ ಒರಟು ನೆಲಕ್ಕೆಂದು ಮೂರು ಗಾಲಿಯ ಕುರ್ಚಿಯನ್ನು ಮಾಡಿತು. ಅಮೆರಿಕದ ಎಂ.ಐ.ಟಿ.ಯ ಏಮಸ್ ವಿಂಟರ್ ಮತ್ತು ಜೊತೆಗಾರರು ಮಾಡಿದ್ದು ಸನ್ನೆಯ ಕುರ್ಚಿ. ಎರಡು ಉದ್ದನೆಯ ಹಿಡಿಕೆಗಳನ್ನು ಮುಂದಕ್ಕೆ ನೂಕಿದರೆ ಅದು ಓಡುತ್ತದೆ. ಹಿಡಿಕೆಯ ತುದಿಯನ್ನು ಹಿಡಿದರೆ ಬಲ, ಬುಡದ ಕಡೆ ಹಿಡಿದರೆ ವೇಗ. ಅದರ ಪರೀಕ್ಷೆ ನಡೆದದ್ದು ಜೈಪುರದ ಕೃತಕ ಕಾಲಿನ ಸಂಸ್ಥೆಯ ಸಹಕಾರದಿಂದ, ನಮ್ಮ ದೇಶದ ಹಳ್ಳಿಗಳ ದಾರಿಯಲ್ಲಿ.

ನನಗೆ ಬಹಳ ಹಿಡಿಸಿದ್ದು ಫ್ರಾನ್ಸಿನ 'ಜೋಯೆಲೆಟ್'. ಜೋಯೆಲ್ ಕ್ಲೋದೆಲ್ ಎಂಬ ಪರ್ವತ ಮಾರ್ಗದರ್ಶಿ 1980ರ ದಶಕದಲ್ಲಿ, ಸ್ನಾಯುಗಳು ಸೋಲುವ ಕಾಯಿಲೆಯಿದ್ದ ತನ್ನ ಸೋದರನ ಮಗನನ್ನು ಬೆಟ್ಟಕ್ಕೆ ಕರೆದೊಯ್ಯಲೆಂದು ಮಾಡಿದ್ದು. ಅದಕ್ಕೆ ಒಂದೇ ಗಾಲಿ. ಮುಂದೊಬ್ಬರು ಹಿಂದೊಬ್ಬರು ಹಿಡಿಯಬೇಕು. ನಮ್ಮ ಪಲ್ಲಕ್ಕಿಯ ನಡುವೆ ಒಂದು ಗಾಲಿ ಸಿಕ್ಕಿಸಿದಂತೆ. ಇನ್ನು ಸಮುದ್ರ ತೀರಕ್ಕೆಂದೇ ಬಲೂನಿನಂಥ ದಪ್ಪ ಟಯರಿನ ಕುರ್ಚಿಗಳಿವೆ. ಅವು ಮರಳಿನ ಮೇಲೆ ತೇಲಿದಂತೆ ಹೋಗುತ್ತವೆ, ಆದರೆ ಕೂತವರು ತಾವೇ ಓಡಿಸಲಾಗದು, ಯಾರಾದರೂ ತಳ್ಳಲೇಬೇಕು. ನಮ್ಮ ದೇಶದಲ್ಲೇ ಮದರಾಸಿನ ಐ.ಐ.ಟಿ.ಯಿಂದ ಹೊರಟ ಯುವಕರ 'ನಿಯೋಮೋಷನ್' ಕಂಪನಿ, ಬಳಸುವವರ ಮೈಯಳತೆಗೆ ಹೊಂದಿಸಿದ ಕುರ್ಚಿಯನ್ನೂ, ಅದರ ಮುಂದೆ ಸಿಕ್ಕಿಸಿದರೆ ಮೂರು ಚಕ್ರದ ಗಾಡಿಯಾಗುವ ಮೋಟಾರನ್ನೂ 2021ರಲ್ಲಿ ಹೊರತಂದಿತು.

ಇಷ್ಟೆಲ್ಲ ಓದಿ, ಚಿತ್ರ ನೋಡಿ ನಮ್ಮ ತಲೆ ಗಿರ್ರೆಂದಿತು. ಹೊರದೇಶದಿಂದ ತರಿಸುವ ಕುರ್ಚಿಗಳ ಬೆಲೆ ಲಕ್ಷದ ಲೆಕ್ಕದಲ್ಲಿತ್ತು. ನಮ್ಮವರು ಭವಿಷ್ಯನಿಧಿಯ ಸಾಲದ ಅರ್ಜಿಯನ್ನೂ ತಂದಿಟ್ಟರು.

"ನಿನಗೆ ಎಲ್ಲಿಗೆ ಹೋಗಬೇಕು?"

ಸಾಲ ಉಳಿಸಿದವರು ಬೆಂಗಳೂರಿನ ಒಬ್ಬ ಫಿಸಿಯೋಥೆರಪಿಸ್ಟ್, ಸುಮಾರು ಮೂವತ್ತರ ಹೆಣ್ಣುಮಗಳು. ನಾವು ತಂದ ಚಿತ್ರಗಳನ್ನೆಲ್ಲ ಪಕ್ಕಕ್ಕಿಟ್ಟರು. "ಕುರ್ಚಿ ಆಮೇಲೆ ನೋಡೋಣ, ಮೊದಲು ಇವಳನ್ನು ನೋಡೋಣ" ಎಂದು ನೆಲದ ಮೇಲೆ ಮಗಳ ಎದುರಿಗೆ ಕೂತು ಕೇಳಿದರು: "ನಿನಗೆ ಎಲ್ಲಿಗೆ ಹೋಗಬೇಕು ಪುಟ್ಟಾ?"

ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನಾವು ಅವಳಿಗೆ ಕೇಳಿಯೇ ಇರಲಿಲ್ಲ. ಅವಳು ಬೆರಳು ಮಡಚಿ ಹೇಳಿದಳು. ಅಜ್ಜನ ಮನೆ ತೋಟ, ಶಾಲೆಯ ಆಟದ ಬಯಲು, ಕೆರೆ ಏರಿ, ಸಮುದ್ರ. ಅವರು ಅದನ್ನು ಬರೆದುಕೊಂಡರು. ಆಮೇಲೆ ನಮ್ಮ ಸರದಿ. ಆ ದಾರಿಗಳಲ್ಲಿ ಮಣ್ಣೋ, ಜಲ್ಲಿಯೋ, ಕೆಸರೋ? ತಳ್ಳುವವರು ಯಾರು, ಅವರ ಎತ್ತರ ಎಷ್ಟು? ಯಾವ ವಾಹನದಲ್ಲಿ ಸಾಗಿಸುತ್ತೀರಿ? ಪಂಕ್ಚರ್ ಆದರೆ ನಿಮ್ಮೂರಿನಲ್ಲಿ ಹಾಕುವವರು ಯಾರು? ಈ ಕೊನೆಯ ಪ್ರಶ್ನೆಗೆ ಅರ್ಧ ಆಮದು ಕುರ್ಚಿಗಳು ಬಿದ್ದುಹೋದವು!

ನಂತರ ಅಳತೆ. ನಮ್ಮ ಹಳೆಯ ಕುರ್ಚಿ ದೊಡ್ಡವರದು. ಸೀಟಿನ ಅಗಲ 18 ಅಂಗುಲ. ಬೆಳೆಯುವ ಮಗುವಿಗೆ ದೊಡ್ಡ ಚಪ್ಪಲಿ ಕೊಂಡಂತೆ ನಾವೂ ಜಾಣತನವೆಂದೇ ತಿಳಿದಿದ್ದೆವು. ಅಷ್ಟು ಅಗಲದಲ್ಲಿ ಮಗು ಒಂದು ಕಡೆಗೆ ವಾಲಿ ಕೂರುತ್ತದೆ, ವರ್ಷಗಟ್ಟಲೆ ವಾಲಿದರೆ ಬೆನ್ನುಮೂಳೆಯೂ ಅದೇ ದಾರಿ ಹಿಡಿಯಬಹುದು ಎಂದು ಅವರು ತೋರಿಸಿಕೊಟ್ಟರು. ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಹಿಮ್ಮಡಿ, ಸೀಟಿನಿಂದ ಭುಜದ ಎಲುಬಿನವರೆಗಿನ ಎತ್ತರ, ಎಲ್ಲ ಬರೆದುಕೊಂಡರು. ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಬೆರಳು ಹಿಡಿಸಬೇಕು. ಬೆಳವಣಿಗೆಗೆ ಜಾಗ ಬೇಕೆಂದರೆ ಅಗಲವನ್ನು ಹೆಚ್ಚಿಸುವುದಲ್ಲ, ಹೊಂದಿಸಬಹುದಾದ ಚೌಕಟ್ಟನ್ನು ಕೇಳಬೇಕು.

ನನಗೆ ಆಸೆಯಿದ್ದ ಸನ್ನೆಯ ಕುರ್ಚಿ ಇಲ್ಲಿಯೇ ಕೈಬಿಟ್ಟಿತು. ಅದಕ್ಕೆ ಎರಡು ಗಟ್ಟಿ ಕೈ ಬೇಕು. ಜೋಯೆಲೆಟ್‌ಗೆ ಯಾವಾಗಲೂ ಇಬ್ಬರು ಗಟ್ಟಿಗರು ಬೇಕು, ಅವಳು ತಾನಾಗಿ ಒಂದು ಮಾರೂ ಸರಿಯಲಾಗದು. ಬಲೂನಿನ ಕುರ್ಚಿ ವರ್ಷಕ್ಕೊಮ್ಮೆ ನೋಡುವ ಸಮುದ್ರಕ್ಕೆ ಸರಿ, ದಿನ ನೋಡುವ ಆಟದ ಬಯಲಿಗೆ ಅಲ್ಲ. ಕೊನೆಗೆ ಆರಿಸಿದ್ದು ಮೂರು ಗಾಲಿಯ ಸಾದಾ ಕುರ್ಚಿ. ಹಿಂದೆ ಎರಡು ದೊಡ್ಡ ಗಾಲಿ, ಸೈಕಲ್ಲಿನ ದಪ್ಪ ಟಯರು. ಮುಂದೆ ಪಾದದ ಹಲಗೆಗಿಂತ ಆಚೆಗೆ 30 ಸೆಂಟಿಮೀಟರಿನ ಒಂದು ಗಾಲಿ. ಸೊಂಟಕ್ಕೆ ಬೆಲ್ಟು, ಎಡಪಕ್ಕೆಗೆ ಒಂದು ಆಸರೆ ದಿಂಬು, ಹಿಂದಕ್ಕೆ ಮಗುಚದಂತೆ ತಡೆಯುವ ಎರಡು ಪುಟ್ಟ ಕೊಂಬು. ಬೆಲೆ ನಮ್ಮ ಹಳೆಯ ಬೈಕು ಮಾರಿದ್ದಕ್ಕೆ ಹೆಚ್ಚುಕಡಿಮೆ ಸರಿಹೋಯಿತು.

ಅದಕ್ಕೂ ಕೊರತೆಗಳಿವೆ. ಮುಂದಕ್ಕೆ ಉದ್ದವಿರುವುದರಿಂದ ನಮ್ಮ ಅಡುಗೆಮನೆಯಲ್ಲಿ ತಿರುಗುವುದಿಲ್ಲ. ಮಡಚುವುದಿಲ್ಲ, ಗುಂಡಿ ಒತ್ತಿ ಗಾಲಿಗಳನ್ನು ಕಳಚಬೇಕು. ಅಡ್ಡ ಇಳಿಜಾರಿನಲ್ಲಿ ಪಕ್ಕಕ್ಕೆ ವಾಲುವ ಅಪಾಯ ಇದ್ದೇ ಇದೆ. ಹಾಗಾಗಿ ಮನೆಯೊಳಗೆ ಹಳೆಯದು, ಸೀಟು ಕಿರಿದು ಮಾಡಿಸಿಕೊಂಡು, ಹೊರಗೆ ಹೊಸದು. ಚಪ್ಪಲಿ ಬೂಟು ಎರಡೂ ಇಟ್ಟುಕೊಳ್ಳುವುದಿಲ್ಲವೇ?

ಕೊಳ್ಳಲು ಹೊರಟ ತಂದೆತಾಯಿಯರಿಗೆ ಎರಡು ಮಾತು. ಚಿತ್ರ ನೋಡಿ ಕೊಳ್ಳಬೇಡಿ. ಮಗುವನ್ನು ಕೂರಿಸಿ, ಅಂಗಡಿಯ ಟೈಲ್ಸ್ ಮೇಲಲ್ಲ, ಹೊರಗೆ ಜಲ್ಲಿಯ ಮೇಲೆ ಅರ್ಧ ಗಂಟೆ ಓಡಿಸಿ. ಇಳಿಸಿದ ಮೇಲೆ ಮೈಯಲ್ಲಿ ಎಲ್ಲಾದರೂ ಕೆಂಪಗಾಗಿದೆಯೇ ನೋಡಿ. ಕೆಂಪು ಬೇಗ ಹೋಗದಿದ್ದರೆ ಆ ಸೀಟು ಬೇಡ. ಚೌಕಟ್ಟಿಗೆ ತೂತು ಕೊರೆದು ನೀವೇ ಏನನ್ನೂ ಜೋಡಿಸಬೇಡಿ. ಕೈಯಲ್ಲಿ ಹಣವಿಲ್ಲದವರು ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ಶಿಬಿರಗಳ ಬಗ್ಗೆ ಜಿಲ್ಲೆಯ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ 1994ರಿಂದ ಇರುವ 'ಮೊಬಿಲಿಟಿ ಇಂಡಿಯಾ'ದಂಥ ಸಂಸ್ಥೆಗಳು ಇದೇ ಕೆಲಸಕ್ಕೆ ಮೀಸಲಾಗಿವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಗಾಲಿಕುರ್ಚಿ ಕೊಡುವುದಕ್ಕೆ ಎಂಟು ಹಂತಗಳನ್ನು ಹೇಳಿದೆ. ಅಳತೆ, ಹೊಂದಿಸುವುದು, ಬಳಕೆಯ ತರಬೇತಿ, ಆಮೇಲಿನ ದುರಸ್ತಿ ಎಲ್ಲ ಅದರಲ್ಲಿವೆ. ಕುರ್ಚಿಯನ್ನು ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯಲಿಲ್ಲ.

ಮತ್ತೆ ಶಾಲೆಗೆ

ಮರುವರ್ಷ, 2023ರಲ್ಲಿ, ಪ್ರವಾಸದ ಸುದ್ದಿ ಬರುವ ಮೊದಲೇ ನಾನು ಶಾಲೆಗೆ ಹೋದೆ. ಕೈಯಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಒಂದು ಪುಟವಿತ್ತು. ಅದರ 16ನೆಯ ಕಲಮಿನ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳಿಗೆ ಓದಿನ ಜೊತೆಗೆ ಆಟ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ಕೊಡಬೇಕು. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಆದರೆ ಆ ಪುಟವನ್ನು ತೆಗೆಯುವ ಪ್ರಮೇಯ ಬರಲಿಲ್ಲ. ಮುಖ್ಯೋಪಾಧ್ಯಾಯರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಟದ ಬಯಲಿನಲ್ಲಿ ಖೋಖೋ ನಡೆದಿತ್ತು. ನಮ್ಮವಳು ಅಂಕಣದ ಪಕ್ಕದಲ್ಲಿ ಬಲಗೈಯಿಂದ ಗಾಲಿ ನೂಕುತ್ತಾ, ಗೆಳತಿಯೊಬ್ಬಳು ಇನ್ನೊಂದು ಕಡೆ ಕೈಕೊಡುತ್ತಾ ಅತ್ತಿಂದಿತ್ತ ಓಡಾಡಿ ಔಟಾದವರನ್ನು ಕೂಗಿ ಹೇಳುತ್ತಿದ್ದಳು. "ಹೋಗಲಿ ಅಮ್ಮಾ, ಕರ್ಕೊಂಡು ಹೋಗೋಣ. ನೀವೂ ಬನ್ನಿ" ಎಂದರು.

ಅವಳ ತರಗತಿಯ ಮಕ್ಕಳಿಗೆ ನಮ್ಮವರು ಒಂದು ಸಂಜೆ ಪಾಠ ಮಾಡಿದರು. ವಿದ್ಯಾರ್ಥಿಗಳೇ, ಅದನ್ನು ನಿಮಗೂ ಹೇಳುತ್ತೇನೆ, ಎಂದಾದರೂ ಬೇಕಾಗುತ್ತದೆ. ಕೇಳದೆ ಯಾರ ಗಾಲಿಕುರ್ಚಿಯನ್ನೂ ಮುಟ್ಟಬಾರದು, ಅದು ಅವರ ಮೈ ಇದ್ದಂತೆ. ಹಿಡಿಕೆಗೆ ಭಾರದ ಚೀಲ ನೇತುಹಾಕಬಾರದು, ಹಿಂದಕ್ಕೆ ಮಗುಚುತ್ತದೆ. ಕಡಿದಾದ ಇಳಿಜಾರಿನಲ್ಲಿ ತಳ್ಳುವವರು ಕೆಳಗಡೆ ಇದ್ದು, ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಬೇಕು. ಸಡಿಲ ಮರಳು ಬಂದರೆ ತಳ್ಳಬಾರದು, ತಿರುಗಿಸಿ ಹಿಂದಕ್ಕೆ ಎಳೆಯಬೇಕು. ಆಗ ದೊಡ್ಡ ಗಾಲಿಗಳು ಮುಂದಾಗಿ ದಾರಿ ಮಾಡುತ್ತವೆ, ಚಿಕ್ಕದು ಹಿಂಬಾಲಿಸುತ್ತದೆ. ಮಕ್ಕಳು ಒಬ್ಬರಾದ ಮೇಲೊಬ್ಬರು ತಾವೇ ಕುರ್ಚಿಯಲ್ಲಿ ಕೂತು ತಳ್ಳಿಸಿಕೊಂಡು ನೋಡಿದರು. ಕೂತವರೆಲ್ಲ "ಮೆಲ್ಲಗೆ, ಮೆಲ್ಲಗೆ" ಎಂದು ಕೂಗಿದರು.

ಹೊಳೆ ಸಮುದ್ರ ಸೇರುವಲ್ಲಿ

ಡಿಸೆಂಬರಿನ ಒಂದು ಶನಿವಾರ ಬೆಳಗಿನ ಜಾವ ಬಸ್ಸು ಹೊರಟಿತು. ಜೋಗ ನೋಡಿ, ಗೇರುಸೊಪ್ಪೆ ಘಟ್ಟ ಇಳಿದು, ಶರಾವತಿಯ ಸೇತುವೆ ದಾಟಿ ಕಾಸರಕೋಡಿನ ತೀರ ತಲುಪುವಾಗ ಮಧ್ಯಾಹ್ನ ಮೂರು. ಪಡುಬಿದ್ರಿಯ ಜೊತೆಗೆ 2020ರಲ್ಲಿ 'ನೀಲಿ ಬಾವುಟ'ದ ಮಾನ್ಯತೆ ಪಡೆದ ತೀರ ಅದು. ಅಂಗವಿಕಲರಿಗೆ ತಲುಪುವ ಸೌಲಭ್ಯವಿರಬೇಕೆಂಬುದೂ ಆ ಮಾನ್ಯತೆಯ ನಿಯಮಗಳಲ್ಲಿ ಸೇರಿದೆ. ಗಟ್ಟಿ ದಾರಿ ಇರುವ ತನಕ ಕುರ್ಚಿ ಸರಾಗವಾಗಿ ಓಡಿತು. ದಾರಿ ಮುಗಿದು ಒಣಮರಳು ಸಿಕ್ಕಿದ್ದೇ ಹತ್ತು ಮಾರು ಹೋಗುವಷ್ಟರಲ್ಲಿ ನಮ್ಮ ದೊಡ್ಡ ಗಾಲಿಯೂ ಕುಸಿಯಿತು. ನೋಡಿ, ಎಲ್ಲ ನೆಲಕ್ಕೂ ಆಗುವ ಕುರ್ಚಿ ಎಂಬುದು ಜಾಹೀರಾತಿನ ಮಾತು.

ನನ್ನ ಎದೆ ಹೊಡೆದುಕೊಂಡಿತು. "ಸಾಕು, ಇಲ್ಲಿಂದಲೇ ಕಾಣತ್ತಲ್ಲ" ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ನಾಲ್ಕು ಮಕ್ಕಳು ಬಂದು, "ತಿರುಗಿಸೋಣವೇನೇ?" ಎಂದು ಅವಳನ್ನೇ ಕೇಳಿದರು. ಅವಳು ಹೂಂ ಎಂದಳು. ಟಯರಿನ ಗಾಳಿ ಸ್ವಲ್ಪ ಇಳಿಸಿ, ಕುರ್ಚಿ ತಿರುಗಿಸಿ, ಇಬ್ಬರು ಹಿಡಿಕೆ ಹಿಡಿದು ಎಳೆದರು. ಮುಖ ಬಸ್ಸಿನ ಕಡೆಗೂ ಬೆನ್ನು ಸಮುದ್ರದ ಕಡೆಗೂ ಇಟ್ಟುಕೊಂಡು ನನ್ನ ಮಗಳು ಸಮುದ್ರಕ್ಕೆ ಹೋದಳು. ನಾನು ಎದುರಿನಿಂದ ಹಿಂಬಾಲಿಸುತ್ತಿದ್ದೆ. ಅವಳು ನನ್ನನ್ನು ನೋಡಿ, "ಅಮ್ಮ, ನೀನು ಅಲ್ಲೇ ಇರು. ನಾನು ಕರೀತೀನಿ" ಎಂದಳು.

ನಾನು ನಿಂತೆ. ಅದು ಸುಲಭವಾಗಿರಲಿಲ್ಲ.

ಇಳಿತದ ಹೊತ್ತು. ಒದ್ದೆ ಮರಳು ಗಟ್ಟಿಯಾಗಿ ನುಣುಪಾಗಿತ್ತು. ಅಲ್ಲಿ ಕುರ್ಚಿಯನ್ನು ಸಮುದ್ರದ ಕಡೆಗೆ ತಿರುಗಿಸಿದರು. ಮೇಷ್ಟ್ರು ಪಕ್ಕದಲ್ಲಿ ನಿಂತು ಬೆಲ್ಟು ಬಿಚ್ಚಿಸಿದರು; ನೀರಿನ ಹತ್ತಿರ ಮಗುವನ್ನು ಕುರ್ಚಿಗೆ ಕಟ್ಟಿರಬಾರದು. ಪಾದ ಮುಳುಗುವಷ್ಟು ನೀರಿಗಿಂತ ಮುಂದೆ ಹೋಗಬಾರದೆಂದೂ ಮೊದಲೇ ಮಾತಾಗಿತ್ತು. ಅಲೆ ಹಿಂದೆ ಸರಿಯುವಾಗ ಗಾಲಿಯಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಅಲ್ಲಿ ಬ್ರೇಕಿನ ಆಟ ನಡೆಯುವುದಿಲ್ಲ. ಅಲೆ ಬಂದು ಪಾದದ ಹಲಗೆಯನ್ನು ಮುಟ್ಟಿತು. ಅವಳು ಕಿರುಚಿದ್ದು ನನಗೆ ಅಷ್ಟು ದೂರಕ್ಕೆ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಕೈ ಬೀಸಿ ಕರೆದಳು.

ಓಡಿ ಹೋದೆ. ಅಳಿವೆಯ ಕಡೆ ಬೆರಳು ತೋರಿಸಿ, "ಗೆರೆ ಎಲ್ಲೂ ಇಲ್ಲ ಅಮ್ಮ" ಎಂದಳು.

ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ. ಅವಳು ನಿದ್ದೆಹೋಗಿದ್ದಳು. ಉಪ್ಪುನೀರು ಬೇರಿಂಗಿಗೆ ವೈರಿ, ಅಂದೇ ತೊಳೆಯಬೇಕೆಂದು ಸೈಕಲ್ ಅಂಗಡಿಯವರು ಹೇಳಿ ಕಳಿಸಿದ್ದರು. ಅಂಗಳದ ದೀಪ ಹಾಕಿಕೊಂಡು ನಾನೂ ನಮ್ಮವರೂ ಗಾಲಿಗಳನ್ನು ಕಳಚಿ, ಬಾವಿಯ ನೀರಿನಿಂದ ತೊಳೆದು, ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಟ್ಟೆವು. ಕಡ್ಡಿಗಳ ಸಂದಿನಿಂದ ಮರಳು ಬಂದೇ ಬಂತು. ನಮ್ಮವರು ಅದನ್ನು ಚೆಲ್ಲಲು ಹೋದರು. ನಾನು ತಡೆದು ಒಂದು ಹಿಡಿ ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟೆ. ಈಗ ಅದು ಅವಳ ಓದುವ ಮೇಜಿನ ಮೇಲಿದೆ, ಹೊಸ ಪಟ್ಟಿಯ ಪಕ್ಕದಲ್ಲಿ. ಆ ಪಟ್ಟಿಯಲ್ಲಿ ಕೆರೆ ಏರಿ, ತೋಟ, ಸಮುದ್ರ ಮೂರಕ್ಕೂ ಗೆರೆ ಎಳೆದಿದ್ದಾಳೆ. ಕೆಳಗೆ ಅಂಬುತೀರ್ಥ ಎಂದು ಬರೆದಿದೆ.